ಅಪ್‌ಡೇಟ್: ‘ಝ’ಗೆ ರಾಗ ಸಿಕ್ಕಿತು

ಹೋದ ವಾರ ಕೇಳಿದ್ದೆನಲ್ಲ, ತೀರ್ಥಹಳ್ಳಿಯಲ್ಲಿ ಮಳೆಗೆ ಕರೆಂಟ್ ಹೋದಾಗ ನಾವಾಡುವ ‘ಅಕ್ಷರಕ್ಕೊಂದು ಕರ್ನಾಟಕ ರಾಗ’ ಆಟದಲ್ಲಿ ‘ಝ’ ಬಂದು ಸಿಕ್ಕಿಕೊಂಡಿದ್ದೇನೆ ಅಂತ. ಝಿಂಝೋಟಿ ಅಂದವರೇ ಜಾಸ್ತಿ. ನಡೆಯಲಿಲ್ಲ. ಅದು ಹಿಂದೂಸ್ತಾನಿ ಅಂತ ಅತ್ತೆ ಒಂದೇ ಮಾತಲ್ಲಿ ತಳ್ಳಿಹಾಕಿದರು. ಗೆಲ್ಲಿಸಿದ್ದು ಝಂಕಾರಧ್ವನಿ, 19ನೇ ಮೇಳ (ಮೇಳ ಅಂದರೆ ಬೇರೆ ರಾಗಗಳು ಹುಟ್ಟುವ ಮೂಲ ರಾಗ). ಹೇಳಿಕೊಟ್ಟವರಿಗೆ ಹಲಸಿನ ಹಪ್ಪಳ ಬಾಕಿ!

ಮಜಾ ಏನು ಗೊತ್ತಾ, ಹೆಸರಲ್ಲೇ ಸಂಖ್ಯೆ ಅಡಗಿದೆ. ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಲೆಕ್ಕದಲ್ಲಿ ಝ ಅಂದರೆ 9, ಕ ಅಂದರೆ 1. ತಿರುಗಿಸಿದರೆ 19. ಝಾಲವರಾಳಿಯೂ ಹಾಗೇ: ಝ 9, ಲ 3, ಅಲ್ಲಿಗೆ 39ನೇ ಮೇಳ. ಇದನ್ನು ಸುಮ್ನೆ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಈಗ ಅತ್ತೆ ರಾಗದ ಜೊತೆ ಮೇಳದ ನಂಬರ್ ಕೂಡ ಕೇಳುತ್ತಾರೆ. ‘ಫ’ಗೆ ಫಲಮಂಜರಿ ಇಟ್ಟುಕೊಂಡಿದ್ದೇನೆ, ಯಾರಿಗೂ ಹೇಳಬೇಡಿ.