ರೋಶ್ ಹಶಾನಾ ಊಟಕ್ಕೆ ಸೇಬಿನ ಕೇಕ್: ಮೇಲೆ ಕಪ್ಪು, ನಡುವೆ ಹಸಿ ಹಿಟ್ಟು

ಜರ್ಸಿ_ಒಲೆ:
ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ. ಪಕ್ಕದ ಮನೆಯ ಯಹೂದಿ ಕುಟುಂಬ ರೋಶ್ ಹಶಾನಾ, ಅಂದರೆ ಅವರ ಹೊಸ ವರ್ಷದ ಊಟಕ್ಕೆ ಕರೆದಿದೆ. ಸೇಬಿನ ಕೇಕ್ ತರುತ್ತೇನೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ನಿನ್ನೆ ಒಂದು ಮಾಡಿ ನೋಡಿದರೆ ಮೇಲೆ ಕಪ್ಪು, ನಡುವೆ ಹಸಿ, ಆರಿದ ಮೇಲೆ ಗುಳಿ. ಹಾಕಿದ್ದು 3 ಕಪ್ ಮೈದಾ, 4 ಮೊಟ್ಟೆ, 1 ಕಪ್ ಎಣ್ಣೆ, ಕಾಲು ಕಪ್ ಕಿತ್ತಳೆ ರಸ, 6 ಸೇಬು. ಸಕ್ಕರೆ 2 ಕಪ್ ಅಂತಿತ್ತು. ಹಬ್ಬಕ್ಕೆ ಜೇನು ಬೇಕಲ್ವಾ, ಅದಕ್ಕೆ 1 ಕಪ್ ಸಕ್ಕರೆ, 1 ಕಪ್ ಜೇನು ಮಾಡಿದೆ. 9 ಇಂಚಿನ ದುಂಡು ಟಿನ್, 350 ಡಿಗ್ರಿ ಫ್ಯಾರನ್‌ಹೀಟ್, 60 ನಿಮಿಷ. ಕಡ್ಡಿ ಒಣಗಿಯೇ ಬಂದಿತ್ತು!

ಬೆಲ್ಲದಚ್ಚು:
ಯಾವ ಸೇಬು? ಹೆಚ್ಚಿ ಎಷ್ಟು ಹೊತ್ತು ಇಟ್ಟಿದ್ದಿರಿ?

ಜರ್ಸಿ_ಒಲೆ:
ಮೆಕಿಂಟಾಶ್. ಸಕ್ಕರೆ, ಚಕ್ಕೆಪುಡಿ ಬೆರೆಸಿ ಒಂದು ಗಂಟೆ. ತುಂಬಾ ರಸ ಬಿಟ್ಟಿತ್ತು. ಚೆಲ್ಲಲು ಮನಸ್ಸಾಗದೆ ಅದನ್ನೂ ಸುರಿದೆ.

ಬೆಲ್ಲದಚ್ಚು:
ಕಳ್ಳ ಸಿಕ್ಕಿದ. ಉಪ್ಪು ಹಾಕಿದ ಮಾವಿನಕಾಯಿ ಹೋಳು ನೀರು ಬಿಡುವ ಹಾಗೆ ಸಕ್ಕರೆ ಬಿದ್ದ ಸೇಬೂ ಬಿಡುತ್ತದೆ. ಮೆಕಿಂಟಾಶ್ ಬೆಂದರೆ ಕರಗಿಯೇ ಹೋಗುತ್ತದೆ. ಗ್ರ್ಯಾನಿ ಸ್ಮಿತ್ ತನ್ನಿ, ಕೊನೆಯಲ್ಲಿ ಹೆಚ್ಚಿ, ರಸ ಬಂದರೆ ಕುಡಿದುಬಿಡಿ.

ಜೇನು ಕಾಲು ಕಪ್ ಸಾಕು. ಅದರಲ್ಲೂ ನೀರಿದೆ, ಸಕ್ಕರೆಗಿಂತ ಬೇಗ ಕೆಂಪಾಗುತ್ತದೆ ಕೂಡ. ಮೇಲೆ ಕಪ್ಪಾಗಿದ್ದು ಅದರಿಂದಲೇ. 325ಕ್ಕೆ ಇಳಿಸಿ, ಬಣ್ಣ ಬಂದ ಮೇಲೆ ಫಾಯಿಲ್ ಹೊದಿಸಿ.

ಟಿನ್ ಕೂಡ ಬದಲಾಗಬೇಕು. ಈ ಕೇಕನ್ನು ನಡುವೆ ಕೊಳವೆ ಇರುವ 10 ಇಂಚಿನ ಟಿನ್‌ನಲ್ಲಿ ಮಾಡುವುದು ಸುಮ್ನೆ ಅಲ್ಲ, ಬಿಸಿ ಒಳಗಿನಿಂದಲೂ ತಾಗುತ್ತದೆ. ಇಲ್ಲದಿದ್ದರೆ ಎರಡು ಬ್ರೆಡ್ ಟಿನ್‌ಗೆ ಹಂಚಿ. ಕಡ್ಡಿಯನ್ನು ಅಂಚಿನ ಹತ್ತಿರ ಚುಚ್ಚಿದ್ದಿರೇನೋ. ಥರ್ಮಾಮೀಟರ್ ಇದ್ದರೆ ನಡುವೆ 205 ಡಿಗ್ರಿ ಫ್ಯಾರನ್‌ಹೀಟ್ ದಾಟಲಿ.

ಕರಿಬೇವು:
ಟಿನ್‌ಗೆ ಸವರಿದ್ದೇನು?

ಜರ್ಸಿ_ಒಲೆ:
ತುಪ್ಪ. ಮತ್ತಿನ್ನೇನು?

ಕರಿಬೇವು:
ಅಯ್ಯೋ, ಬೇಡ! ಹಬ್ಬದ ಊಟದಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಕೊಶರ್, ಅಂದರೆ ಯಹೂದಿ ಆಹಾರ ನಿಯಮ, ಪಾಲಿಸುವವರು ಅದರ ಜೊತೆ ಹಾಲಿನದೇನೂ ತಿನ್ನುವುದಿಲ್ಲ, ತುಪ್ಪವೂ ಹಾಲಿನದೇ. ಆ ಕೇಕ್‌ಗೆ ಬೆಣ್ಣೆ ಬದಲು ಎಣ್ಣೆ, ಹಾಲಿನ ಬದಲು ಕಿತ್ತಳೆ ರಸ ಇರುವುದು ಇದಕ್ಕೇ. ಹಾಲೂ ಮಾಂಸವೂ ಇಲ್ಲದ್ದನ್ನು ಅವರು ಪಾರ್ವೆ ಅನ್ನುತ್ತಾರೆ. ಮಾರ್ಗರಿನ್ ಕೊಂಡರೂ ಡಬ್ಬಿ ಓದಿ, ಕೆಲವದರಲ್ಲಿ ಹಾಲಿನ ಅಂಶ ಇರುತ್ತದೆ.

ಇನ್ನೊಂದು. ಕಟ್ಟುನಿಟ್ಟಿನ ಮನೆಯಾದರೆ ನಿಮ್ಮ ಓವನ್, ಪಾತ್ರೆಯಲ್ಲಿ ಮಾಡಿದ್ದನ್ನೇ ತಿನ್ನುವುದಿಲ್ಲ. ನಮ್ಮಲ್ಲಿ ಮಡಿಯವರಿಲ್ಲವೇ, ಹಾಗೆ. ಬೇಜಾರು ಮಾಡಿಕೊಳ್ಳದೆ ಮೊದಲೇ ಕೇಳಿ. ಆಗುವುದಿಲ್ಲ ಅಂದರೆ ಹೆಚ್ಚದ ದಾಳಿಂಬೆ ಒಯ್ಯಿರಿ, ಅದೂ ಈ ಹಬ್ಬದ ಹಣ್ಣೇ.

ಜರ್ಸಿ_ಒಲೆ:
ಕೇಳಿದೆ. ಪಾತ್ರೆ ಬಗ್ಗೆ ಅವರಿಗೆ ಚಿಂತೆಯಿಲ್ಲ, ಹಾಲು ಮಾತ್ರ ಬೇಡ ಅಂದರು. ಕೊಳವೆ ಟಿನ್‌ಗೆ ಎಣ್ಣೆ ಸವರಿ ಮತ್ತೆ ಮಾಡಿದೆ. 85 ನಿಮಿಷ ಹಿಡಿಯಿತು, ನಡುವೆಲ್ಲ ಬೆಂದಿದೆ. ಬಿಸಿಯಲ್ಲೇ ಮಗುಚಿದ್ದಕ್ಕೆ ಒಂದು ಕಡೆ ತಳ ಕಿತ್ತು ಬಂತು. ಆ ಚೂರನ್ನು ನಮ್ಮವರು ಆಗಲೇ ಮುಗಿಸಿದ್ದಾರೆ. ಊಟಕ್ಕೆ ಇನ್ನೊಂದು ಮಾಡಬೇಕು.