ಆಸ್ಟರಿಸ್ಕ್ ಕರೆ ದಾಖಲೆ ರೇಡಿಯಸ್ ಸರ್ವರ್‌ಗೆ ತಲುಪುತ್ತಿಲ್ಲ

ಪ್ರಶ್ನೆ (ಕಾರವಾರ): ಇಲ್ಲಿ ಆಸ್ಟರಿಸ್ಕ್ (ಫೋನ್ ಎಕ್ಸ್‌ಚೇಂಜ್ ತಂತ್ರಾಂಶ), ಘಟ್ಟದ ಮೇಲೆ ಶಿರಸಿಯಲ್ಲಿ ಕರೆ ಲೆಕ್ಕ ಇಡಲು ಫ್ರೀರೇಡಿಯಸ್ ಎಂಬ ರೇಡಿಯಸ್ ಸರ್ವರ್. ನಡುವೆ ಬ್ರಾಡ್‌ಬ್ಯಾಂಡ್. ಆಸ್ಟರಿಸ್ಕ್ ಬರೆಯುವ ಸಿಎಸ್‌ವಿ ಫೈಲಿನಲ್ಲಿ ಪ್ರತಿ ಕರೆಯೂ ಇದೆ, ರೇಡಿಯಸ್‌ನಲ್ಲಿ ಒಂದೂ ಇಲ್ಲ. ಎಲ್ಲಿ ನೋಡಲಿ?

ಉತ್ತರ 1: ಮೊದಲು ಫ್ರೀರೇಡಿಯಸ್ ನಿಲ್ಲಿಸಿ, ಡೀಬಗ್ ಮೋಡ್‌ನಲ್ಲಿ (ಬಂದ ಪ್ರತಿ ಪ್ಯಾಕೆಟ್ ತೆರೆಯ ಮೇಲೆ ಕಾಣುವಂತೆ) ಶುರುಮಾಡಿ ಒಂದು ಕರೆ ಮಾಡಿ. ಏನೂ ಕಾಣದಿದ್ದರೆ ಕರೆ ಲೆಕ್ಕ ಬರುವ ಯುಡಿಪಿ ಪೋರ್ಟ್ 1813 ಫೈರ್‌ವಾಲ್‌ನಲ್ಲಿ ಮುಚ್ಚಿರಬಹುದು, ಅಥವಾ ಹಳೆಯ ಪೋರ್ಟ್ 1646ಕ್ಕೆ ಹೋಗುತ್ತಿರಬಹುದು. ಪ್ಯಾಕೆಟ್ ಬಂದೂ ಉತ್ತರ ಹೋಗದಿದ್ದರೆ ಎರಡೂ ಕಡೆಯ ಸೀಕ್ರೆಟ್ (ಇಬ್ಬರಿಗೂ ಒಂದೇ ಇರಬೇಕಾದ ಗುಪ್ತಪದ) ಹೋಲಿಸಿ. ಸೀಕ್ರೆಟ್ ತಪ್ಪಿದ್ದರೆ ರೇಡಿಯಸ್ ನಿರಾಕರಣೆ ಕಳಿಸುವುದಿಲ್ಲ, ಸುಮ್ಮನೆ ಕೈಬಿಡುತ್ತದೆ. ಹುಡುಕುವವರು ದಾರಿ ತಪ್ಪುವುದು ಇಲ್ಲೇ. ಸರ್ವರ್‌ನ ಕ್ಲೈಂಟ್ ಪಟ್ಟಿಯಲ್ಲಿ ಇರಬೇಕಾದ್ದು ರೌಟರ್ ದಾಟಿದ ಮೇಲೆ ಕಾಣುವ ಐಪಿ, ಒಳಗಿನ 192.168 ಅಲ್ಲ.

ಉತ್ತರ 2: ಡಿಜಿಯಮ್ ಡಿಕ್ಷನರಿ (ಆಸ್ಟರಿಸ್ಕ್ ಕಳಿಸುವ ವಿವರಗಳ ಹೆಸರು, ಸಂಖ್ಯೆಗಳ ಪಟ್ಟಿ) ಸೇರಿಸಿದ್ದೀರಾ? ವೆಂಡರ್ ಸಂಖ್ಯೆ 22736. ಆಸ್ಟರಿಸ್ಕ್ ಕಡೆಯ ರೇಡಿಯಸ್ ಕ್ಲೈಂಟ್ ಡಿಕ್ಷನರಿಯಲ್ಲಿ ಅದನ್ನು ಇನ್‌ಕ್ಲೂಡ್ ಮಾಡಲೇಬೇಕು. ಸಿಡಿಆರ್ (ಕರೆ ವಿವರ ದಾಖಲೆ) ಸಂರಚನೆಯ ರೇಡಿಯಸ್ ವಿಭಾಗದಲ್ಲಿ ಕ್ಲೈಂಟ್ ಫೈಲಿನ ದಾರಿ ಸರಿಯಿದೆಯೇ ನೋಡಿ. ಪ್ರತಿ ಕರೆಗೂ ಬೇರೆ ಗುರುತು ಬರೆಯುವ ಯೂನಿಕ್ ಐಡಿ ಆಯ್ಕೆಯನ್ನೂ ಆನ್ ಮಾಡಿ, ಆಮೇಲೆ ಸಿಎಸ್‌ವಿ ಜೊತೆ ತಾಳೆ ನೋಡಲು ಬೇಕು. ಜಿಎಂಟಿ ಆಯ್ಕೆ ಆನ್ ಇದ್ದರೆ ಸಮಯ ಐದೂವರೆ ತಾಸು ಹಿಂದೆ ಕಾಣುತ್ತದೆ, ಗಾಬರಿ ಬೇಡ.

ಪ್ರಶ್ನೆ ಕೇಳಿದವರು: ಸೀಕ್ರೆಟ್ ಕೊನೆಯಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಈಗ ಕರೆ ಮುಗಿದದ್ದನ್ನು ಹೇಳುವ ಸ್ಟಾಪ್ ದಾಖಲೆ ಬರುತ್ತಿದೆ, ಶುರುವಾದದ್ದನ್ನು ಹೇಳುವ ಸ್ಟಾರ್ಟ್ ಇಲ್ಲ.

ಉತ್ತರ 1: ಅದು ಸರಿಯೇ. ಆಸ್ಟರಿಸ್ಕ್‌ನ ರೇಡಿಯಸ್ ಸಿಡಿಆರ್ ಮಾಡ್ಯೂಲ್ ಕರೆ ಮುಗಿದ ಮೇಲೆ ಸ್ಟಾಪ್ ಮಾತ್ರ ಕಳಿಸುತ್ತದೆ. ಆದರೆ ಸಿಎಸ್‌ವಿ ಬರೆಯುವುದನ್ನು ನಿಲ್ಲಿಸಬೇಡಿ: ಮಳೆಗಾಲದಲ್ಲಿ ಘಟ್ಟದ ಲೈನ್ ಹೋದರೆ, ಮರುಯತ್ನಗಳು ಮುಗಿದ ದಾಖಲೆ ಮತ್ತೆ ಬರುವುದಿಲ್ಲ. ಇನ್ನೊಂದು, ಅಕೌಂಟಿಂಗ್ (ಕರೆ ಲೆಕ್ಕದ) ಪ್ಯಾಕೆಟ್‌ನಲ್ಲಿ ಫೋನ್ ನಂಬರುಗಳು ಗೂಢಲಿಪಿಯಿಲ್ಲದೆ ಹೋಗುತ್ತವೆ. ದಯವಿಟ್ಟು ವಿಪಿಎನ್ (ಗೂಢಲಿಪಿಯ ಸುರಂಗ) ಒಳಗೇ ಕಳಿಸಿ.