ಸಹಾಯ ಬೇಕು: ಅಪ್ಪನ ಇಸಿಎಚ್‌ಎಸ್ ಬಿಲ್ ವಾಪಸ್ ಪಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಉಡುಪಿಯವರು. ಅಪ್ಪ ನಿವೃತ್ತ ಹವಾಲ್ದಾರ್. 2003ರಲ್ಲಿ ಮಾಜಿ ಸೈನಿಕರಿಗಾಗಿ ಸರ್ಕಾರ ಶುರು ಮಾಡಿದ ಇಸಿಎಚ್‌ಎಸ್ ಆರೋಗ್ಯ ಯೋಜನೆಯ ಸದಸ್ಯರು. ಸಾಮಾನ್ಯವಾಗಿ ಯೋಜನೆಯದ್ದೇ ಪಾಲಿಕ್ಲಿನಿಕ್‌ಗೆ ಹೋಗಿ, ರೆಫರಲ್ ಪತ್ರ ತಗೊಂಡು, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ತೋರಿಸ್ತೇವೆ. ದುಡ್ಡು ಕೊಡಬೇಕಾಗಿಲ್ಲ. ನಮ್ಮಂಥವರಿಗೆ ಅದು ದೊಡ್ಡ ಆಸರೆ.

ಕಳೆದ ವಾರ ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆನೋವು. ಬನಿಯನ್ ಪೂರ್ತಿ ಬೆವರಿನಲ್ಲಿ ಒದ್ದೆ. ಸೀದಾ ಹತ್ತಿರದ ಆಸ್ಪತ್ರೆಗೆ ಓಡಿದೆವು. ಅದು ಯೋಜನೆಯ ಪಟ್ಟಿಯಲ್ಲಿಲ್ಲ. ಅಮ್ಮ ಬಳೆ ಅಡವಿಟ್ಟು ಬಿಲ್ ಕಟ್ಟಿದ್ದಾರೆ.

ತುರ್ತು ಸಂದರ್ಭವಾದರೆ ಇಂಥ ಖರ್ಚಿಗೂ ಅರ್ಜಿ ಹಾಕಬಹುದು, ಸಿಗುವುದು ಸರ್ಕಾರಿ ದರದಷ್ಟೇ ಅಂತ ಗೊತ್ತು. ಮಂಗಳೂರು ಕಡೆಯವರು ಯಾರಾದರೂ ಹೀಗೆ ಅರ್ಜಿ ಹಾಕಿದ್ದೀರಾ? ಡಿಸ್ಚಾರ್ಜ್ ಸಮರಿ, ಬಿಲ್ಲುಗಳ ಜೊತೆ ತುರ್ತು ಅಂತ ಡಾಕ್ಟರ್ ಬರೆದುಕೊಟ್ಟ ಪತ್ರವೂ ಬೇಕಲ್ವಾ? ದಯವಿಟ್ಟು ತಿಳಿಸಿ. ಅಮ್ಮ ದಿನಾ ಕೇಳ್ತಿದ್ದಾರೆ.